ನಾಲ್ಕನೆಯ ಗಡಗಡಿ

ಸೇವೆ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮೊಮ್ಮಕ್ಕಳು ನಗುತ್ತಾರೆ. ‘ಯಮ್ಮಾ, ಸೇವಾ ಮಾಡೋರು ಅಂದ್ರ ಎಲ್ಲಾರೂ ಕೈ ಮುಗೀತಾರ, ನೀ ನೋಡಿದ್ರ ಬೈತಿ’ ಎನ್ನುತ್ತಾರೆ. ಬೈಯದೆ ಏನು ಮಾಡಲಿ? ನಾನೂ ಒಂದು ಕಾಲದಲ್ಲಿ ಸೇವೆಗೆಂದು ಹೋದವಳೇ. ಹೋಗಿ ಒಂದು ಕೇರಿಯ ನೀರು ಕಸಿದುಕೊಂಡು ಬಂದವಳು. ನನಗೆ ಮೋಸ ಮಾಡಿದರು, ಅದು ನಿಜ. ಆದರೆ ಆ ಮೋಸಕ್ಕೆ ನಾಲಿಗೆಯಾದದ್ದು ಯಾರು? ನಾನೇ.

ಆಗ ನಮ್ಮದು ನಿಜಾಮನ ರಾಜ್ಯ. ನಾವಿದ್ದದ್ದು ಲಿಂಗಸುಗೂರಿನಲ್ಲಿ. ಅಪ್ಪ ತಹಶೀಲ ಕಚೇರಿಯಲ್ಲಿ ಕಾರಕೂನರು. ನನಗೆ ಹದಿನೆಂಟು ವರ್ಷ. ಏಳನೆಯ ಇಯತ್ತೆಯವರೆಗೆ ಉರ್ದುವಿನಲ್ಲಿ ಓದಿದ್ದೆ, ಕನ್ನಡವನ್ನು ಮನೆಯಲ್ಲಿ ಅಪ್ಪ ಕಲಿಸಿದ್ದರು. ಓಣಿಯ ಹೆಣ್ಣುಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದೆನಾದ್ದರಿಂದ ಮಂದಿ ನನ್ನನ್ನು ‘ಅಕ್ಕೋರು’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಹಾಗೆಯೇ ಅನ್ನುವುದು. ಅವ್ವನಿಗೆ ಮಾತ್ರ ನನ್ನ ಮದುವೆಯದೇ ಚಿಂತೆ. ‘ಅಕ್ಕೋರು ಅನ್ನಿಸ್ಕೊಂಡು ಕುಂತ್ರ ಗಂಡು ಬರಾಂಗಿಲ್ಲ, ಒಲಿ ಮುಂದ ಬಾ’ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಅಂಥ ದಿನಗಳಲ್ಲಿ ಹೈದರಾಬಾದಿನಿಂದ ಒಬ್ಬ ಹೆಂಗಸು ಬಂದರು. ಎಲ್ಲರೂ ಅವರನ್ನು ಬೆಹನ್‌ಜಿ ಎನ್ನುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಬಿಳಿ ಖಾದಿ ಸೀರೆ, ಬರಿಗೈ. ಕಚೇರಿಯ ಸಾಹೇಬರ ಎದುರಿಗೆ ಕುರ್ಚಿಯ ಮೇಲೆ ಕೂತು, ಅವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರಂತೆ. ಆ ಸುದ್ದಿ ಕೇಳಿಯೇ ನಾನು ಅರ್ಧ ಮಾರುಹೋಗಿದ್ದೆ. ಬಡವರಿಗಾಗಿ ಒಂದು ಮಂಡಳಿ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗುವವರು. ಮಸ್ಕಿಯ ಆಚೆಯ ಒಂದು ಹಳ್ಳಿಗೆ ಹೊರಟಿದ್ದರು, ಅವರಿಗೆ ಕನ್ನಡ ಬರುತ್ತಿರಲಿಲ್ಲ. ಉರ್ದು, ಕನ್ನಡ ಎರಡೂ ಬಲ್ಲ, ಹೆಂಗಸರ ಜೊತೆ ಬೆರೆಯಬಲ್ಲ ಒಬ್ಬ ಹುಡುಗಿ ಬೇಕಾಗಿತ್ತು. ತಾವೇ ನಮ್ಮ ಮನೆಗೆ ಬಂದು ಜಮಖಾನದ ಮೇಲೆ ಕೂತು, ‘ನಿಮ್ಮ ಮಗಳನ್ನು ಒಂದು ತಿಂಗಳ ಮಟ್ಟಿಗೆ ನನಗೆ ಕೊಡಿ, ನನ್ನ ಮಗಳ ಹಾಗೆ ನೋಡಿಕೊಳ್ಳುತ್ತೇನೆ’ ಎಂದು ಅಪ್ಪನನ್ನು ಕೇಳಿದರು. ಅಪ್ಪ ಕರಗಿಹೋದರು. ಅವ್ವ ಒಳಗಿನಿಂದ ಪಾತ್ರೆ ಸದ್ದು ಮಾಡಿದಳು, ಅಷ್ಟೇ.

ಹೊರಟದ್ದು ನಾರುಹುಣ್ಣಿನ ಮೇಲೆ. ಈಗಿನವರಿಗೆ ಅದು ಏನೆಂದೇ ಗೊತ್ತಿಲ್ಲ, ಪುಣ್ಯವಂತರು. ಮೆಟ್ಟಿಲ ಬಾವಿಯ ನೀರಿನ ಜೊತೆ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಕಾಲಲ್ಲಿ ಬೊಬ್ಬೆಯೆದ್ದು ಒಡೆದು, ಬಿಳಿಯ ದಾರದ ಹಾಗೆ ಹೊರಗೆ ಬರುವ ಹುಳ ಅದು. ಮೊಳಕ್ಕಿಂತ ಉದ್ದ. ಉರಿ ತಡೆಯಲಾರದೆ ನಾರಾದವನು ಹೋಗಿ ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಡುತ್ತಾನೆ, ಹುಳದ ಮರಿಗಳು ನೀರಿಗೆ ಬೀಳುತ್ತವೆ, ಅದೇ ನೀರನ್ನು ಊರು ಕುಡಿಯುತ್ತದೆ. ಮೆಟ್ಟಿಲಿಗೆ ಗೋಡೆ ಎಬ್ಬಿಸಿ, ಸುತ್ತ ಕಟ್ಟೆ ಕಟ್ಟಿ, ಗಡಗಡಿ, ಅಂದರೆ ರಾಟೆ, ಹಾಕಿ ಮೇಲಿನಿಂದಲೇ ಸೇದುವಂತೆ ಮಾಡಿದರೆ ರೋಗದ ಬೇರೇ ಕಿತ್ತುಹೋಗುತ್ತದೆ ಎಂದು ಬೆಹನ್‌ಜಿ ದಾರಿಯುದ್ದಕ್ಕೂ ಗಾಡಿಯಲ್ಲಿ ನನಗೆ ವಿವರಿಸಿದರು. ಎತ್ತಿನ ಗಾಡಿ, ಮೈಯೆಲ್ಲ ಧೂಳು, ನನಗೆ ಮಾತ್ರ ಸ್ವರ್ಗಕ್ಕೆ ಹೊರಟಷ್ಟು ಹಿಗ್ಗು. ನಮ್ಮ ಜೊತೆ ಹೈದರಾಬಾದಿನ ಒಬ್ಬ ಡಾಕ್ಟರು ಇದ್ದರು, ಅವರ ಹತ್ತಿರ ಒಂದು ಕ್ಯಾಮೆರಾ ಇತ್ತು. ಮಸ್ಕಿಯಲ್ಲಿ ಕಲ್ಲು ಕಟ್ಟುವ ಒಬ್ಬ ಮುದುಕ ಗೌಂಡಿ ಜೊತೆಗೂಡಿದ. ಗಡಗಡಿಗಳನ್ನು ಸಿಂಧನೂರಿನ ಕಂಬಾರನಿಗೆ ಹೇಳಿ ಮಾಡಿಸಿಟ್ಟಿದ್ದರು, ಆಮೇಲೆ ಬಂದವು.

ಊರಲ್ಲಿ ಗೌಡನ ಹಳೆಯ ವಾಡೆಯಲ್ಲಿ ಇಳಿದೆವು. ಗೌಡ ಮಾತಿಗೆ ಮೃದು. ಹಾಲು, ರೊಟ್ಟಿ, ಶೇಂಗಾದ ಹಿಂಡಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ.

ಎರಡನೆಯ ದಿನವೇ ಡಾಕ್ಟರು ಒಂದು ಅನಾಹುತ ಮಾಡಿದರು. ಒಬ್ಬ ಕುರುಬರ ಮುದುಕನ ಹಿಮ್ಮಡಿಯಲ್ಲಿ ನಾರು ತಲೆ ಹಾಕಿತ್ತು. ಡಾಕ್ಟರು ಚಿಮಟದಿಂದ ಹಿಡಿದು ಎಳೆಯತೊಡಗಿದರು. ಗುಂಪಿನ ಹಿಂದೆ, ದೂರದಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೂಗಿದಳು:

‘ಎಳೀಬ್ಯಾಡ್ರೀ ಸಾಹೇಬರ! ಹರೀತದ ಅದು, ಹರೀತದ!’

ನಾನು ಅದನ್ನು ಉರ್ದುವಿಗೆ ತಿರುಗಿಸುವಷ್ಟರಲ್ಲಿ ಹುಳ ಹರಿದೇಹೋಗಿತ್ತು. ಮುದುಕನ ಕಾಲು ಸಂಜೆಗೆ ಕುಂಬಳಕಾಯಿಯಷ್ಟು ಬಾತುಕೊಂಡಿತು.

ಆ ಹೆಂಗಸು ಹಳ್ಳದ ದಂಡೆಯ ಕೇರಿಯವಳು. ಮೂವತ್ತರೊಳಗಿನವಳು, ಸೊಂಟದ ಮೇಲೆ ಒಂದು ಹೆಣ್ಣುಕೂಸು. ಅವಳ ಗಂಡ ಕಪಿಲೆಯ ಚರ್ಮದ ಚೀಲ ಹೊಲಿಯುವವನು. ಊರಿನ ಹೊಲಗಳಿಗೆಲ್ಲ ನೀರೆತ್ತುತ್ತಿದ್ದದ್ದು ಅವನು ಹೊಲಿದ ಚೀಲದಿಂದಲೇ. ಅವಳು ಅವಳ ತಾಯಿಯಿಂದ ನಾರು ತೆಗೆಯುವುದನ್ನು ಕಲಿತಿದ್ದಳು. ಕಸಬರಿಗೆಯ ಒಂದು ಹಂಚಿಕಡ್ಡಿಗೆ ಹತ್ತಿ ಸುತ್ತಿ, ಹುಳದ ತಲೆಯನ್ನು ಅದಕ್ಕೆ ಹಚ್ಚಿ, ದಿನಕ್ಕೆ ಒಂದು ಬೆರಳಿನಷ್ಟು ಮಾತ್ರ ಸುತ್ತುತ್ತಾ ಹೋಗುವುದು. ಇಪ್ಪತ್ತು ದಿನವಾಗಲಿ, ತಿಂಗಳಾಗಲಿ, ಅವಸರ ಮಾಡುವಂತಿಲ್ಲ. ‘ಅದಕ್ಕ ಗೊತ್ತಾಗಬಾರದ್ರೀ ಅಕ್ಕೋರ, ನಾವು ಎಳಿಯಾಕತ್ತೀವಿ ಅಂತ’ ಎಂದು ನನಗೆ ಹೇಳಿದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ಊರವರು ಅವಳನ್ನು ಕರೆಯುತ್ತಿರಲಿಲ್ಲ. ಡಾಕ್ಟರು ಮಾತ್ರ, ಅವರನ್ನು ಒಂದು ವಿಷಯಕ್ಕೆ ಮೆಚ್ಚಬೇಕು, ಮರುದಿನವೇ ಕೇರಿಗೆ ಹೋಗಿ ಅವಳ ಎದುರು ಕುಕ್ಕುರುಗಾಲಲ್ಲಿ ಕೂತು ಕಲಿತರು.

ನಾನು ದಿನಾ ಕೇರಿಗೆ ಹೋಗತೊಡಗಿದೆ. ಆ ಹೆಂಗಸಿಗೂ ನನಗೂ ಗೆಳೆತನವಾಯಿತು ಎಂದರೆ ಈಗ ನನ್ನ ಬಾಯಿ ನೋಯುತ್ತದೆ, ಆದರೆ ಆಗಿದ್ದು ಹೌದು. ಅವಳು ನಗಿಸುತ್ತಿದ್ದಳು. ಬೆಹನ್‌ಜಿಗೆ ಅವಳು ‘ಬೆಂಜಿಯಾರು’ ಎನ್ನುತ್ತಿದ್ದಳು. ‘ಬೆಂಜಿಯಾರು ಒಂದು ದಿನಾನೂ ಬೈಯಾಂಗಿಲ್ಲೇನ್ರೀ? ಬೈಯಲಾರದ ಮಂದಿ ಕಂಡ್ರ ನನಗ ಹೆದರಿಕಿ’ ಎಂದು ಒಮ್ಮೆ ಅಂದಳು. ನಾನು ನಕ್ಕೆ. ಬುದ್ಧಿಯಿದ್ದಿದ್ದರೆ ಅವತ್ತೇ ಕಿವಿಗೊಡುತ್ತಿದ್ದೆ.

ಕುಡಿಯುವ ನೀರಿಗೆ ಊರಲ್ಲಿ ಎರಡು ಬಾವಿ. ಒಂದು ಊರ ನಡುವಿನ ದೊಡ್ಡ ಮೆಟ್ಟಿಲ ಬಾವಿ, ಕೇರಿಯವರು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಇನ್ನೊಂದು ಕೇರಿಯದೇ, ಅವರ ಮುತ್ತಜ್ಜಂದಿರು ತೋಡಿದ್ದು. ಹನ್ನೆರಡು ಮೆಟ್ಟಿಲಿನ ಸಣ್ಣ ಬಾವಿ, ಸುತ್ತ ಒರಟು ಕಲ್ಲು. ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಆದರೆ ನಾರು ಹೆಚ್ಚಾಗಿದ್ದದ್ದು ಅದರಲ್ಲೇ. ಎರಡನ್ನೂ ಕಟ್ಟುವಷ್ಟು ಶಕ್ತಿ ಮಂಡಳಿಗೆ ಇಲ್ಲ ಎಂದರು ಬೆಹನ್‌ಜಿ. ಅವರ ಯೋಜನೆ ಹೀಗಿತ್ತು: ದೊಡ್ಡ ಬಾವಿಗೆ ಕಟ್ಟೆ ಕಟ್ಟಿ ನಾಲ್ಕು ದಿಕ್ಕಿಗೆ ನಾಲ್ಕು ಗಡಗಡಿ. ಮೂರು ಊರಿಗೆ. ನಾಲ್ಕನೆಯದು, ಕೇರಿಯ ಕಡೆ ಮುಖ ಮಾಡಿದ್ದು, ಕೇರಿಗೆ. ಕೇರಿಯ ಬಾವಿಯನ್ನು ಕಲ್ಲುಮಣ್ಣು ತುಂಬಿ ಮುಚ್ಚಿಬಿಡುವುದು.

ಇದನ್ನು ಬೆಹನ್‌ಜಿ ಬೇವಿನ ಗಿಡದ ಕೆಳಗೆ ಕೇರಿಯವರ ಮುಂದೆ ನಿಂತು ಹೇಳಿದರು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದೆ. ಕೊನೆಗೆ ಆ ಹೆಂಗಸೇ ಕೇಳಿದಳು:

‘ಗೌಡ್ರು ಒಪ್ಪ್ಯಾರೇನ್ರೀ?’

ನಾನು ಬೆಹನ್‌ಜಿಯನ್ನು ಕೇಳಿದೆ. ‘ಒಪ್ಪಿದ್ದಾರೆ. ನಾನೇ ಕೂತು ಮಾತಾಡಿದ್ದೇನೆ’ ಎಂದರು ಅವರು. ಕಣ್ಣ ರೆಪ್ಪೆ ಅಲುಗಲಿಲ್ಲ.

‘ಒಪ್ಪ್ಯಾರಂತವ್ವ’ ಎಂದೆ.

‘ಬೆಂಜಿಯಾರು ನಾಳಿ ಗಾಡಿ ಹತ್ತಿ ಹೋಗೋರು. ಅವರ ಮಾತು ಬ್ಯಾರೆ. ನೀವು ನಮ್ಮ ಸೀಮಿಯವರು ಅಕ್ಕೋರ. ನೀವು ಹೇಳ್ರಿ, ಆ ಗಡಗಡಿ ನಮ್ಮದಾ? ನಮ್ಮ ಹಗ್ಗ ನಾವು ಬಿಟ್ಟು, ನಮ್ಮ ಕೈಲೆ ನಾವು ಸೇದಬೌದಾ?’

‘ನಿಮ್ಮದಾ. ನಿಮ್ಮ ಕೈಲೇ ಸೇದ್ರಿ.’

‘ಹಂಗಿದ್ರ ಭಾಷಾ ಕೊಡ್ರಿ’ ಎಂದು ಕೈ ಚಾಚಿದಳು. ಚಾಚಿದವಳಿಗೆ ತಕ್ಷಣ ತಾನು ಯಾರು, ನಾನು ಯಾರು ಎಂಬುದು ನೆನಪಾಗಿ ಕೈ ಹಿಂದೆ ತೆಗೆದಳು. ನಾನು ಬಿಡಲಿಲ್ಲ. ಮುಂದೆ ಬಗ್ಗಿ ಆ ಕೈಯನ್ನು ಹಿಡಿದು, ಅದರ ಮೇಲೆ ನನ್ನ ಕೈಯಿಟ್ಟು ಭಾಷೆ ಕೊಟ್ಟೆ. ಗುಂಪಿನಲ್ಲಿ ‘ಅಯ್ಯವ್ವಾ!’ ಎಂಬ ಉದ್ಗಾರ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವತ್ತು ಊಟ ಸೇರಲಿಲ್ಲ. ಎಂಥಾ ಗರ್ವ ನನಗೆ, ಥೂ!

ಬಾವಿ ಮುಚ್ಚುವ ದಿನ ಕೇರಿಯ ಮುದುಕಿಯರು ಅಡ್ಡ ಹಾಕಿದರು. ಗಂಗವ್ವನನ್ನು ಹೆಣದಂತೆ ಹುಗಿಯಲು ಬರುವುದಿಲ್ಲ, ಮನೆಮಗಳನ್ನು ಕಳಿಸುವಂತೆ ಉಡಿ ತುಂಬಿ ಕಳಿಸಬೇಕು ಎಂದರು. ಅಕ್ಕಿ ಇರಲಿಲ್ಲ, ಜೋಳ ತಂದರು. ಅವ್ವ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಕುಬಸದ ಕಣವನ್ನು ನಾನು ಕೊಟ್ಟೆ. ಆ ಹೆಂಗಸು ಕೊನೆಯ ಮೆಟ್ಟಿಲವರೆಗೆ ಇಳಿದು, ಕಣದಲ್ಲಿ ಜೋಳ, ಎಲೆ ಅಡಿಕೆ, ಅರಿಸಿನದ ಬೇರು ಕಟ್ಟಿ ನೀರಿಗೆ ಬಿಟ್ಟಳು. ‘ಹೋಗಿ ಬಾರವ್ವ, ದೊಡ್ಡ ಮನಿಗೆ ಹೊಂಟೀ, ನಾವೂ ಅಲ್ಲೇ ಬರ್ತೀವಿ’ ಎಂದಳು. ಹೆಂಗಸರೆಲ್ಲ ಅತ್ತರು. ನಾನೂ ಅತ್ತೆ.

ಆಗ ಬೆಹನ್‌ಜಿ ಮೇಲಿನಿಂದ, ‘ಕ್ಯಾಮೆರಾ ಸಿದ್ಧವಿರಲಿಲ್ಲ, ಇನ್ನೊಂದು ಸಲ ಮಾಡಲು ಹೇಳು’ ಎಂದರು. ನಾನು ಹೇಳಿದೆ. ಹೇಳಿದೆನಲ್ಲ! ಆ ಹೆಂಗಸು ನನ್ನನ್ನು ಒಂದು ಗಳಿಗೆ ನೋಡಿ, ‘ಎರಡು ಸಲ ಕಳಿಸಬಾರದ್ರೀ ಅಕ್ಕೋರ’ ಎಂದಳು. ಆದರೂ ನೀರಿಗೆ ಕೈಹಾಕಿ, ಒದ್ದೆ ಗಂಟು ಹಿಡಿದೆತ್ತಿ, ಮತ್ತೊಮ್ಮೆ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಗಂಡಸರು ಕಲ್ಲು ಸುರಿಯತೊಡಗಿದರು. ಸಂಜೆಗೆ ಬಾವಿ ನೆಲದ ಸಮಕ್ಕೆ ಬಂದಿತ್ತು.

ಆಮೇಲಿನ ಎಂಟು ದಿನ ಕೇರಿಯ ಗಂಡಸರು, ಹೆಂಗಸರು ದೊಡ್ಡ ಬಾವಿಗೆ ಕಲ್ಲು ಹೊತ್ತರು. ನೀರಿಗೆ ಇಳಿಯದೆ, ದೂರದಲ್ಲಿ ತಂದು ಸುರಿಯುವುದು, ಅಲ್ಲಿಂದ ಊರವರು ಒಯ್ಯುವುದು. ಆ ಎಂಟು ದಿನ ಕೇರಿಯವರು ಹಳ್ಳದ ಮರಳಿನಲ್ಲಿ ಒರತೆ ತೋಡಿ ಬಟ್ಟಲಿನಿಂದ ಕೊಡ ತುಂಬಿಕೊಂಡರು. ಯಾರೂ ಗೊಣಗಲಿಲ್ಲ. ಇನ್ನೇನು, ಗಡಗಡಿ ಬರುತ್ತದೆ.

ಬಂತು. ಗೌಂಡಿ ನಾಲ್ಕೂ ಕಡೆ ಕಲ್ಲಿನ ಕಂಬ ನಿಲ್ಲಿಸಿ ಗಡಗಡಿ ಕೂಡಿಸಿದ. ನಾಲ್ಕನೆಯದನ್ನು ನಾನೇ ಕೈಯಿಂದ ತಿರುಗಿಸಿ ನೋಡಿದೆ. ಮರುದಿನ ಕಚೇರಿಯ ದೊಡ್ಡ ಸಾಹೇಬರು ಬಂದು ಬಾವಿ ನೋಡುವವರಿದ್ದರು. ಅವತ್ತು ಮಧ್ಯಾಹ್ನ ಉಂಡು ಬಾವಿಯ ಕಡೆ ಹೋದರೆ, ಗೌಂಡಿ ನಾಲ್ಕನೆಯ ಕಂಬದಿಂದ ಗಡಗಡಿಯನ್ನು ಬಿಚ್ಚುತ್ತಿದ್ದಾನೆ.

‘ಏನ್ ಚಾಚಾ, ಯಾಕ ಬಿಚ್ಚಾಕತ್ತೀರಿ? ತಿರುಗವಲ್ದೇನು?’

ಮುದುಕ ತಲೆ ಎತ್ತಲಿಲ್ಲ. ‘ಛಲೋ ತಿರುಗ್ತದ ಬೇಟಿ. ಬೆಹನ್‌ಜಿ ಹೇಳ್ಯಾರ, ಬಿಚ್ಚು ಅಂತ. ನಾ ಕೂಲಿಯಂವ. ನನಗ ಕೇಳಬ್ಯಾಡ.’

ವಾಡೆಗೆ ಓಡಿದೆ. ಬೆಹನ್‌ಜಿ ಚಾಪೆಯ ಮೇಲೆ ಕೂತು ಕಾಗದ ಬರೆಯುತ್ತಿದ್ದರು. ನಾನು ಏದುಸಿರು ಬಿಡುತ್ತಾ, ಗೌಡ ಮಾತಿಗೆ ತಪ್ಪಿದನೇ ಎಂದು ಕೇಳಿದೆ.

‘ಇಲ್ಲ. ಅವರು ಮಾತಿಗೆ ಸರಿಯಾಗಿದ್ದಾರೆ’ ಎಂದರು ಬೆಹನ್‌ಜಿ, ಲೇಖನಿ ಕೆಳಗಿಡದೆ. ‘ಕೇರಿಯವರು ಮುಟ್ಟದಿದ್ದರೆ ಮಾತ್ರ ಬಾವಿ ಕಟ್ಟಲು ಬಿಡುತ್ತೇವೆ ಎಂದು ಮೊದಲ ದಿನವೇ ಹೇಳಿದ್ದರು. ನಾನು ಒಪ್ಪಿದ್ದೆ.’

‘ಮೊದಲ ದಿನವೇ?’

‘ಮೊದಲ ದಿನವೇ. ಅದನ್ನು ಹೇಳಿದ್ದರೆ ಕೇರಿಯವರು ತಮ್ಮ ಬಾವಿ ಮುಚ್ಚುತ್ತಿರಲಿಲ್ಲ. ಅದು ತೆರೆದಿರುವವರೆಗೆ ಈ ಊರಿನ ನಾರು ಹೋಗುವುದಿಲ್ಲ. ರೋಗ ಹೋಗಬೇಕೋ ಬೇಡವೋ, ನೀನೇ ಹೇಳು.’

‘ಅವರಿಗೆ ನೀರು?’

‘ಊರವರು ಸೇದಿ ಹಾಕುತ್ತಾರೆ. ನಿಮ್ಮ ಸೀಮೆಯಲ್ಲಿ ಎಲ್ಲಾ ಕಡೆ ನಡೆಯುವ ಹಾಗೆ.’

‘ನಾನು ಕೈ ಮುಟ್ಟಿ ಭಾಷೆ ಕೊಟ್ಟಿದ್ದೇನೆ’ ಎಂದೆ.

ಆಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ‘ಗೊತ್ತು ಬೇಟಿ. ನನ್ನ ಮಾತನ್ನು ಅವರು ನಂಬುತ್ತಿರಲಿಲ್ಲ. ನಿನ್ನನ್ನು ಕರೆತಂದದ್ದೇ ಅದಕ್ಕೆ’ ಎಂದರು.

ನನ್ನ ಮಗಳ ಹಾಗೆ ನೋಡಿಕೊಳ್ಳುತ್ತೇನೆ ಅಂದವರ ಬಾಯಿಂದ ಬಂದ ಮಾತು ಇದು. ನಂಬಿದವರ ಕುತ್ತಿಗೆ ಕೊಯ್ಯುವುದು ಅಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಕೊಯ್ಯುವಾಗ ಕೈ ನಡುಗುವುದೇ ಇಲ್ಲ.

ಅದೇ ಕ್ಷಣ ನಾನು ಕೇರಿಗೆ ಹೋಗಿ ಎಲ್ಲ ಹೇಳಿಬಿಡಬೇಕಿತ್ತು. ಹೋಗಲಿಲ್ಲ. ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿಕೆ ಒಂದು. ಆ ಹೆಂಗಸಿಗೆ ಹೇಗೆ ಮುಖ ತೋರಿಸಲಿ ಎಂಬ ನಾಚಿಕೆ ಇನ್ನೊಂದು. ಅಷ್ಟರಲ್ಲಿ ಬೆಹನ್‌ಜಿ ಮತ್ತೊಂದು ಮಾತು ತೆಗೆದರು: ‘ಇಷ್ಟು ಸಂಕಟವಾದರೆ ನಾಳೆ ನೀನೇ ಅವರಿಗೆ ಸೇದಿ ಹಾಕು. ಮೊದಲ ದಿನ ಅವರು ಬರಿಗೊಡ ಹೊತ್ತು ಹೋಗಬಾರದಲ್ಲ?’ ನಮ್ಮ ಜಾತಿಗೆ ಗೌಡನ ಬಾವಿ ಮುಟ್ಟಲು ಅಡ್ಡಿಯಿರಲಿಲ್ಲ. ನನಗೆ ಅದು ಸರಿಯೆನಿಸಿತು. ಕೊಡಗಳಾದರೂ ತುಂಬುತ್ತವೆ, ನಾಲ್ಕನೆಯ ಗಡಗಡಿಗಾಗಿ ಆಮೇಲೆ ಜಗಳವಾಡೋಣ ಎಂದುಕೊಂಡೆ. ಬಿದ್ದವಳು ಎದ್ದೆ ಎಂದುಕೊಂಡು ಇನ್ನೂ ಆಳಕ್ಕೆ ಬಿದ್ದದ್ದು ಅಲ್ಲಿ.

ಮರುದಿನ ಬೆಳಗ್ಗೆ ಸಾಹೇಬರು ಬಂದರು. ಊರೆಲ್ಲ ನೆರೆದಿತ್ತು. ಕೇರಿಯ ಹೆಂಗಸರು ಮಿಂದು, ಇದ್ದುದರಲ್ಲಿ ಛಲೋ ಸೀರೆ ಉಟ್ಟು, ಹೊಸ ಹಗ್ಗದ ಸಿಂಬಿಗಳನ್ನು ಹೆಗಲಿಗೆ ಹಾಕಿಕೊಂಡು ಬಂದರು. ಹಗ್ಗವನ್ನು ಎಂಟು ದಿನ ಕೂತು ಹೊಸೆದಿದ್ದರು. ನಾಲ್ಕನೆಯ ಕಂಬದ ಹತ್ತಿರ ಬಂದು ನಿಂತರು. ಕಂಬವಿತ್ತು, ಗಡಗಡಿ ಇರಲಿಲ್ಲ. ಗೌಡನ ಆಳುಗಳು ಕಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದರು.

ನಾನು ಪಕ್ಕದ ಗಡಗಡಿಯಲ್ಲಿ ಸೇದತೊಡಗಿದೆ. ‘ಕೊಡ ಇಡ್ರೆವ್ವಾ, ನಾ ಹಾಕ್ತೀನಿ’ ಎಂದೆ. ಮೊದಲು ಯಾರೂ ಇಡಲಿಲ್ಲ. ನಾನು ಮತ್ತೆ ಕರೆದೆ, ಬೇಡಿಕೊಂಡೆ. ಕೊನೆಗೆ ಒಬ್ಬ ಮುದುಕಿ ಕೊಡವಿಟ್ಟು ದೂರ ಸರಿದಳು. ಮೇಲಿನಿಂದ ಹಾಕಿದೆ. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಡಾಕ್ಟರು ಪಟ ತೆಗೆದರು. ಸಾಹೇಬರು ‘ವಾಹ್, ಶಾಬಾಶ್’ ಎಂದರು. ನನ್ನ ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತ್ತು, ನಾನು ಏನೋ ದೊಡ್ಡದು ಮಾಡುತ್ತಿದ್ದೇನೆ ಎಂಬ ಭ್ರಮೆಯಲ್ಲಿದ್ದೆ.

ಆ ಹೆಂಗಸು ಎಲ್ಲರಿಗಿಂತ ಕೊನೆಗೆ ಬಂದಳು. ಕೊಡ ಇಡಲಿಲ್ಲ.

‘ಅಕ್ಕೋರ, ನಮ್ಮ ಗಡಗಡಿ ಎಲ್ಲಿ?’

‘ನಾ ಹಾಕ್ತೀನವ್ವ, ಕೊಡ ಇಡು.’

‘ನೀವು ಹಾಕ್ತೀರೇನು ಅಂತ ಕೇಳ್ಲಿಲ್ರೀ ನಾನು. ಗಡಗಡಿ ಎಲ್ಲಿ ಅಂತ ಕೇಳಿದೆ.’

ಅವಳು ಬೆಹನ್‌ಜಿಯನ್ನು ನೋಡಿದಳು, ಗೌಡನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಎಲ್ಲ ತಿಳಿಯಿತು ಅವಳಿಗೆ.

‘ನಮ್ಮ ಬಾವಿ ನಮ್ಮ ಕೈಲೇ ಮುಚ್ಚಿಸಿದ್ರಿ’ ಎಂದಳು. ‘ಬ್ಯಾರೇದವರು ಮುಚ್ಚಿದ್ರ ಬೈದು ಬಿಡ್ತಿದ್ವಿ. ಈಗ ಯಾರಿಗೆ ಬೈಯೋಣು?’

ಬರಿಗೊಡವನ್ನೇ ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ನಾನು ಹಗ್ಗ ಬಿಟ್ಟು ಅವಳ ಹಿಂದೆ ಹೋಗಬೇಕೆನ್ನುವಷ್ಟರಲ್ಲಿ ಗೌಡ ನಾಲ್ಕು ಮಂದಿಗೆ ಕೇಳುವಂತೆ ದನಿ ಎತ್ತಿದ:

‘ಎಲ್ಲಾರೂ ನೋಡಿದ್ರೆಲ್ಲ? ಅಕ್ಕೋರು ಹಾಕಿಕೊಟ್ಟಾರ, ಇನ್ನ ಇದಾ ಪದ್ಧತಿ. ನಮ್ಮ ಹೆಣ್ಮಕ್ಕಳು ಹಿಂಗಾ ಸೇದಿ ಹಾಕ್ತಾರ. ಕೇರಿಯವರು ಕೊಡ ಇಟ್ಟು ದೂರ ನಿಂದ್ರಬೇಕು.’

ನಮ್ಮ ಹಳ್ಳಿಗಳಲ್ಲಿ ಹೀಗೆಯೇ. ಐದು ಮಂದಿಯ ಮುಂದೆ ಮೊದಲ ದಿನ ಹೇಗೆ ನಡೆಯಿತೋ ಅದೇ ರೂಢಿ. ಕಾರಹುಣ್ಣಿಮೆಗೆ ಯಾರ ಎತ್ತು ಮುಂದೆ, ಕಣದಲ್ಲಿ ಯಾರ ಮೊರ ಮೊದಲು, ಎಲ್ಲವೂ ಎಂದೋ ಒಂದು ಮೊದಲ ದಿನ ಯಾರೋ ಮಾಡಿದ್ದು. ಆಮೇಲೆ ಅದನ್ನು ಮುರಿಯುವುದು ಸರಕಾರಕ್ಕೂ ಆಗದು. ನಾನು ಆ ಸೀಮೆಯವಳೇ. ನನಗೆ ಇದು ಗೊತ್ತಿರಲಿಲ್ಲವೇ? ಹುಟ್ಟಿದಂದಿನಿಂದ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯಾರೆ ಹಾಕಿಕೊಟ್ಟೆ. ಬೆಹನ್‌ಜಿಗೆ ಇದು ತಿಳಿದಿತ್ತೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ. ಗೌಡನಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು.

ಮಧ್ಯಾಹ್ನ ಗಾಡಿ ಹೂಡಿದರು. ಲಿಂಗಸುಗೂರು ಮುಟ್ಟುವವರೆಗೆ ನಾನು ಬೆಹನ್‌ಜಿಯ ಜೊತೆ ಒಂದು ಮಾತೂ ಆಡಲಿಲ್ಲ. ಅವರಿಗೆ ಅದು ಗಮನಕ್ಕೂ ಬಂದಂತೆ ಕಾಣಲಿಲ್ಲ. ಇಳಿಯುವಾಗ ನನ್ನ ಗಲ್ಲ ಸವರಿ ‘ಜೀತೀ ರಹೋ’ ಎಂದರು. ಆಮೇಲೆ ಅವರಿಗೆ ಎರಡು ಕಾಗದ ಬರೆದೆ, ಆ ಗಡಗಡಿ ಕೂಡಿಸಿ ಕೊಡಿ ಎಂದು. ಉತ್ತರವಾಗಿ ಮಂಡಳಿಯ ಒಂದು ಅಚ್ಚಾದ ಪುಸ್ತಿಕೆ ಬಂತು. ಒಳಗೆ ನಾನು ನೀರು ಹಾಕುವ ಪಟ. ಅಪ್ಪ ಅದನ್ನು ಕಚೇರಿಯಲ್ಲೆಲ್ಲ ತೋರಿಸಿಕೊಂಡು ಬಂದರು. ನಾನು ಅದನ್ನು ಒಲೆಗೆ ಹಾಕಿದೆ. ಅಪ್ಪ ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು.

ವರ್ಷ ಕಳೆಯಿತು. ಆ ಗೌಂಡಿ ಚಾಚಾ ಏನೋ ಕೆಲಸಕ್ಕೆ ಲಿಂಗಸುಗೂರಿಗೆ ಬಂದವನು ನಮ್ಮ ಬಾಗಿಲಿಗೆ ಬಂದ. ನಾರು ಬಹಳ ಕಡಿಮೆಯಾಗಿದೆ ಎಂದ. ಅದೂ ಸುಳ್ಳಲ್ಲ, ಬೆಹನ್‌ಜಿಯ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಬೇಸಿಗೆಯಲ್ಲಿ ಹಳ್ಳದ ಒರತೆ ಬತ್ತಿತಂತೆ. ಕೇರಿಯವರು ತಮ್ಮ ಹಳೆಯ ಬಾವಿಯ ಕಲ್ಲು ತೆಗೆಯಲು ಹೋದರಂತೆ. ಗೌಡನ ಆಳುಗಳು ಬಂದು, ‘ಸರಕಾರದವರು ಮುಚ್ಚಿಸಿದ ಬಾವಿ, ತೆಗೆದ್ರ ಗುನ್ಹೆ ಆಗ್ತದ’ ಎಂದು ಓಡಿಸಿದರಂತೆ. ‘ನಮ್ಮದಾ ತಪ್ಪು ಬೇಟಿ’ ಎಂದು ಹೇಳಿ, ನಾವು ಕೊಟ್ಟ ಚಹಾ ಕುಡಿಯದೆ ಮುದುಕ ಎದ್ದುಹೋದ.

ನನಗೆ ನಿಲ್ಲಲಾಗಲಿಲ್ಲ. ಮಸ್ಕಿಯಲ್ಲಿ ಸೋದರತ್ತೆಯ ಮನೆಗೆ ಹೋಗುತ್ತೇನೆಂದು ಹೊರಟು, ಅಲ್ಲಿಂದ ಒಂದು ಜೋಳದ ಗಾಡಿ ಹಿಡಿದು ಆ ಊರಿಗೆ ಹೋದೆ. ಆ ಹೆಂಗಸಿನ ಕಾಲು ಹಿಡಿಯಬೇಕು, ಬೈದರೆ ಬೈಸಿಕೊಳ್ಳಬೇಕು, ಉಗುಳಿದರೆ ಉಗುಳಿಸಿಕೊಳ್ಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಆ ನೀರನ್ನು ಮುಟ್ಟಿರಲಾರಳು, ಇನ್ನೂ ಎಲ್ಲೋ ಒರತೆ ಹುಡುಕುತ್ತಿರುತ್ತಾಳೆ ಎಂದೇ ನನ್ನ ನಂಬಿಕೆ. ಆ ನಂಬಿಕೆಯಲ್ಲೇ ನನಗೊಂದು ಸಮಾಧಾನವಿತ್ತು ಎಂಬುದು ಈಗ ತಿಳಿಯುತ್ತದೆ.

ಸೀದಾ ಬಾವಿಯ ಹತ್ತಿರವೇ ಹೋದೆ. ಮಟಮಟ ಮಧ್ಯಾಹ್ನ. ಗಡಗಡಿಗಳು ಖಾಲಿ, ಊರ ಹೆಂಗಸರು ಉಂಡು ಮಲಗಿದ್ದ ಹೊತ್ತು. ನಾಲ್ಕನೆಯ ಕಂಬದಿಂದ ಹತ್ತು ಹೆಜ್ಜೆ ದೂರ ಕೇರಿಯ ಕೊಡಗಳು ಸಾಲಾಗಿದ್ದವು. ಅವುಗಳ ಹಿಂದೆ ಬಿಸಿಲಲ್ಲಿ ಆರೇಳು ಹೆಂಗಸರು ಕೂತಿದ್ದರು, ಯಾರಾದರೂ ಬಂದು ಸೇದಿ ಹಾಕಲಿ ಎಂದು. ಸಾಲಿನ ಕೊನೆಯಲ್ಲಿ ಅವಳಿದ್ದಳು. ಕೂಸು ಅವಳ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿತ್ತು.

ನಾನು ಅವಳ ಮುಂದೆ ಕೂತು ಏನೋ ಹೇಳಲು ಹೋದೆ. ತಪ್ಪಾಯಿತು ಅಂದೆನೋ, ಕ್ಷಮಿಸು ಅಂದೆನೋ, ಅಳು ನುಂಗಿಬಿಟ್ಟಿತು. ಅವಳು ಬೈಯಲಿಲ್ಲ. ಸಿಟ್ಟಿನ ಗುರುತೂ ಇರಲಿಲ್ಲ.

‘ಆರು ತಿಂಗಳು ಬರ್ಲಿಲ್ರೀ ನಾನು’ ಎಂದಳು. ‘ನೀರಿನ ಮ್ಯಾಲೆ ಎಷ್ಟು ದಿನ ಸೆಟಗೊಂಡಿರ್ಲಿ? ಕೂಸು ಕೇಳ್ತದ.’

ಆಮೇಲೆ ತನ್ನ ಕೊಡವನ್ನು ಸಾಲಿನಿಂದ ತೆಗೆದು, ಅಂಗೈಯಿಂದ ನನ್ನ ಕಡೆಗೆ ಸರಿಸಿದಳು.

‘ಮುಂಜಾನಿಂದ ಕುಂತೀವಿ. ಯಾರೂ ಬರವಲ್ರು. ನೀವು ಬಂದೀರೆಲ್ಲ ಅಕ್ಕೋರ, ಹಾಕ್ರಿ.’

ನಾನು ಎದ್ದು ಹೋಗಿ ಹಗ್ಗ ಹಿಡಿದೆ. ನೀರು ಸೇದಿ, ಮೇಲಿನಿಂದ ಹಾಕಿದೆ. ಅವಳು ಪದ್ಧತಿಯಂತೆ ದೂರ ಸರಿದು ನಿಂತಿದ್ದಳು.